ಕಿಂಡಿಯಾಚೆ ಉಳಿದ ಸೊನ್ನೆ

ಹುಬ್ಬಳ್ಳಿಯಿಂದ ಬಂದಿದ್ದ ಆ ತಜ್ಞನನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ. ನಾನು ಸಿದ್ದಾಪುರದ ಸಣ್ಣ ಆಸ್ಪತ್ರೆಯೊಂದರಲ್ಲಿ ಕಂಪ್ಯೂಟರ್ ನೋಡಿಕೊಳ್ಳುತ್ತಿದ್ದೆ. ರಕ್ತಕಣ ಎಣಿಸುವ ಯಂತ್ರದ ಪ್ರೋಗ್ರಾಂ ಪೈಥಾನ್ ಎಂಬ ಕಂಪ್ಯೂಟರ್ ಭಾಷೆಯದು, ರಿಪೋರ್ಟ್ ಮುದ್ರಿಸುವುದು ಜಾವಾ ಭಾಷೆಯದು. ಅದರ ಲೆಕ್ಕ ಇದಕ್ಕೆ ಮುಟ್ಟಿಸಲು ಈತ ಸಾಕೆಟ್ ಹಾಕಿಕೊಟ್ಟ. ಸಾಕೆಟ್ ಎಂದರೆ ನೆಟ್‌ವರ್ಕಿನಲ್ಲಿ ಒಂದು ಕಿಂಡಿ. ಒಂದು ಪ್ರೋಗ್ರಾಂ ಕೊಡುತ್ತದೆ, ಇನ್ನೊಂದು ತೆಗೆದುಕೊಳ್ಳುತ್ತದೆ. ಕೊಟ್ಟದ್ದು ಪೂರ್ತಿ ಬಂತೋ ಇಲ್ಲವೋ ಎಂದು ತೆಗೆದುಕೊಳ್ಳುವ ಪ್ರೋಗ್ರಾಂ ನೋಡುವುದೇ ಇಲ್ಲವಲ್ಲ ಎಂದೆ. ಈ ಊರಿಗೆ ಅಷ್ಟೆಲ್ಲ ಬೇಡ ಎಂದು ನಕ್ಕ. ಹೋಗುವಾಗ ನಮ್ಮ ಕ್ಯಾಂಟೀನಿನ ಅವಲಕ್ಕಿಯನ್ನೂ ಹಳಿದು ಹೋದ.

ಮಂಗನ ಕಾಯಿಲೆಯ ಹೆದರಿಕೆಯ ದಿನಗಳು. ಕೋಲಸಿರ್ಸಿಯ ಹೆಂಗಸೊಬ್ಬಳು ಜ್ವರವೆಂದು ಬಂದಳು. ಪ್ಲೇಟ್‌ಲೆಟ್ ಎಂಬ ರಕ್ತ ಹೆಪ್ಪುಗಟ್ಟಿಸುವ ಕಣಗಳು ಆರೋಗ್ಯವಂತರಲ್ಲಿ ಲಕ್ಷ ದಾಟಿರಬೇಕು. ರಿಪೋರ್ಟಿನಲ್ಲಿ ಹದಿನಾರು ಸಾವಿರ ಎಂದಿತ್ತು. ತಕ್ಷಣ ಘಟ್ಟದ ಕೆಳಗಿನ ದೊಡ್ಡಾಸ್ಪತ್ರೆಗೆ ಒಯ್ಯಿರಿ ಎಂದರು ಡಾಕ್ಟರು. ಆಂಬುಲೆನ್ಸ್ ಬಾಗಿಲಿಗೆ ಬಂತು. ತಾನು ವಾಪಸು ಬರದಿದ್ದರೆ ಸಣ್ಣ ಮಗಳ ಶಾಲೆ ಬಿಡಿಸಬೇಡಿ ಎಂದು ಅವಳು ಗಂಡನಿಗೆ ಹೇಳುತ್ತಿದ್ದಳು.

ನನಗೆ ಆ ತಜ್ಞನ ಕೆಲಸದ ಮೇಲೆ ಎಳ್ಳಷ್ಟೂ ನಂಬಿಕೆ ಇರಲಿಲ್ಲ. ಲ್ಯಾಬಿಗೆ ಓಡಿ ಯಂತ್ರದ ಪರದೆಯನ್ನೇ ನೋಡಿದೆ. ಒಂದು ಲಕ್ಷ ಅರವತ್ತು ಸಾವಿರ! ಡಾಕ್ಟರನ್ನು ಕರೆತಂದು ತೋರಿಸಿದೆ. ಆಂಬುಲೆನ್ಸ್ ಖಾಲಿಯೇ ಹೋಯಿತು.

ಆದದ್ದಿಷ್ಟೆ. ಹೆಸರು, ವಿಳಾಸ, ಕೊನೆಗೆ ಪ್ಲೇಟ್‌ಲೆಟ್ ಎಣಿಕೆ, ಎಲ್ಲ ಒಂದೇ ಸಾಲಾಗಿ ಕಿಂಡಿಯಲ್ಲಿ ಬರುತ್ತಿತ್ತು. ಮಹಾಶಯ ಈಚೆ ರಿಪೋರ್ಟಿನ ಕಡೆ ಇಟ್ಟದ್ದು ಇಂಗ್ಲಿಷ್ ವಿಳಾಸ ಹಿಡಿಸುವಷ್ಟೇ ಜಾಗ, ಓದುವುದೂ ಒಂದೇ ಸಲ. ಕನ್ನಡದ ಅಕ್ಷರ ಕಂಪ್ಯೂಟರಿನಲ್ಲಿ ಮೂರು ಪಟ್ಟು ಜಾಗ ಬೇಡುತ್ತದೆ. ಆ ದಿನ ಕೌಂಟರಿನ ಹುಡುಗಿ, ಹೊಳೆಯಾಚೆ, ಹಳೇ ಅಕ್ಕಿ ಗಿರಣಿಯ ಹಿಂದೆ ಎಂದು ಆ ಹೆಂಗಸು ಹೇಳಿದ್ದನ್ನೆಲ್ಲ ಕನ್ನಡದಲ್ಲೇ ಟೈಪ್ ಮಾಡಿದ್ದಳು. ಜಾಗ ತುಂಬಿ, ಎಣಿಕೆಯ ಕೊನೆಯ ಸೊನ್ನೆ ಹೊರಗೇ ಉಳಿಯಿತು.

ತಜ್ಞನಿಗೆ ಫೋನ್ ಮಾಡಿದರೆ, "ಪ್ರೋಗ್ರಾಮಿನಾಗ ತಪ್ಪಿಲ್ರೀ, ನೀವು ಇಂಗ್ಲಿಷಿನಾಗ ಬರೀಬೇಕಿತ್ತು" ಎಂದ. ಥೂ ಇವನ ಬುದ್ಧಿಗಿಷ್ಟು! ಆಸ್ಪತ್ರೆಯವರು ಇನ್ನೂ ಜಾಣರು; ಇಂಗ್ಲಿಷಿನಲ್ಲೇ ಬರೆಯತಕ್ಕದ್ದು ಎಂದು ಕೌಂಟರಿಗೆ ಚೀಟಿ ಅಂಟಿಸಿ ಕೈ ತೊಳೆದುಕೊಂಡರು. ಸಾಲು ಮುಗಿದ ಗುರುತು ಬರುವವರೆಗೂ ಓದುತ್ತಲೇ ಇರುವಂತೆ ನಾನೇ ಪ್ರೋಗ್ರಾಂ ತಿದ್ದಿದೆ, ಚೀಟಿ ಕಿತ್ತೆಸೆದೆ.

ಜ್ವರ ಬಿಟ್ಟ ಮೇಲೆ ಆ ಹೆಂಗಸು ಮತ್ತೆ ಪರೀಕ್ಷೆಗೆ ಬಂದಳು. ವಿಳಾಸ ಉದ್ದವಾಗಿದ್ದಕ್ಕೇ ಹಾಗಾಯಿತೆಂದು ಯಾರೋ ಅವಳ ತಲೆಗೆ ತುಂಬಿದ್ದರು. ಕೌಂಟರಿನಲ್ಲಿ ಊರಿನ ಹೆಸರಷ್ಟೇ ಹೇಳಿದಳು. ಪೂರ್ತಿ ಹೇಳಿ ಅಕ್ಕ, ಈಗ ಏನೂ ಆಗುವುದಿಲ್ಲ ಎಂದೆ. ಅವಳು ನನ್ನ ಕೈ ಹಿಡಿದುಕೊಂಡಳು.

"ತಪ್ಪಾತು ತಂಗಿ. ಅವತ್ತು ನಾ ಅಷ್ಟುದ್ದ ಹೇಳಬಾರದಾಗಿತ್ತು."

ಅಷ್ಟು ಜನರಲ್ಲಿ ತಪ್ಪಾಯಿತು ಎಂದವಳು ಅವಳೊಬ್ಬಳೇ.