ಮುದ್ದೆಯೊಳಗಿನ ಮಾತ್ರೆ

ನಮ್ಮ ಕಡೆ ಮುದ್ದೆಯನ್ನು ಯಾರೂ ಅಗಿಯುವುದಿಲ್ಲ. ಮುರಿದು, ಸಾರಿನಲ್ಲಿ ಅದ್ದಿ, ನುಂಗುವುದಷ್ಟೇ. ಆ ರೂಢಿಯೇ ನನಗೆ ದುರ್ಬುದ್ಧಿ ಕೊಟ್ಟಿತು.

ನನ್ನ ಅಣ್ಣನಿಗೆ ಮನಸ್ಸಿನ ಕಾಯಿಲೆ. ಯಾರೋ ಕಿವಿಯಲ್ಲಿ ಬೈಯುತ್ತಾರೆ ಎನ್ನುತ್ತಿದ್ದ. ಕಡೂರಿನ ಡಾಕ್ಟರು ಕೊಟ್ಟ ಮಾತ್ರೆಯನ್ನು ಎರಡು ತಿಂಗಳು ನುಂಗಿದ, ಆಮೇಲೆ ಮುಟ್ಟಲಿಲ್ಲ. ಹಿರೇನಲ್ಲೂರಿನ ಮನೆಯಲ್ಲಿ ಅಡುಗೆ ನನ್ನದು. ಮಾತ್ರೆ ಪುಡಿ ಮಾಡಿ, ಮುದ್ದೆ ಕಟ್ಟುವಾಗ ಒಳಗೆ ಸೇರಿಸಿದೆ. ಅವನು ನುಂಗಿದ. ನಾನು ಮಹಾ ಜಾಣೆ ಅಂದುಕೊಂಡೆ, ನೆಂಟರೂ ಹೊಗಳಿದರು. ಅವನನ್ನು ಒಂದು ಮಾತು ಕೇಳಬೇಕು ಅಂತ ಯಾರಿಗೂ ಅನ್ನಿಸಲಿಲ್ಲ. ಹುಚ್ಚನನ್ನು ಕೇಳುವುದೇನು!

“ಊಟಕ್ಕೆ ಏನೋ ಹಾಕ್ತಾವ್ರೆ ಕಣೇ,” ಎಂದು ಒಂದು ದಿನ ಅಂದ.

“ಅದೂ ನಿನ್ನ ಕಾಯಿಲೇನೇ ಕಣಣ್ಣ,” ಎಂದು ನಕ್ಕುಬಿಟ್ಟೆ.

ಮರುದಿನ ಮಧ್ಯಾಹ್ನ ಅವನು ಮುದ್ದೆಯನ್ನು ಎರಡು ಹೋಳು ಮಾಡಿ ಬೆರಳಾಡಿಸಿದ. ಬಿಳಿ ಪುಡಿಯ ಗಂಟು ನನಗೂ ಕಂಡಿತು. ತಟ್ಟೆ ಸರಿಸಿ ಎದ್ದವನು ಆಮೇಲೆ ನಾನು ಕೊಟ್ಟ ಅನ್ನ, ನೀರು ಯಾವುದನ್ನೂ ಮುಟ್ಟಲಿಲ್ಲ. ನಮ್ಮ ತೆಂಗಿನ ತೋಟದಲ್ಲಿ ತಾನೇ ಎಳನೀರು ಕೊಚ್ಚಿ ಕುಡಿಯುತ್ತಿದ್ದ. ಅದಕ್ಕೆ ಯಾರೂ ಏನೂ ಬೆರೆಸಲಾರರಲ್ಲ. ವಾರದಲ್ಲಿ ಅಂಗಿ ಹೆಗಲಿಂದ ಜಾರತೊಡಗಿತು. ಅಣ್ಣ ಉಳಿಯುವುದಿಲ್ಲವೇನೋ ಅಂತ ನನಗೆ ಹೆದರಿಕೆಯಾಯಿತು.

ಡಾಕ್ಟರ ಮುಂದೆ ಹೋಗಿ ನಡೆದದ್ದು ಹೇಳಿ ಅತ್ತುಬಿಟ್ಟೆ. ಅವರು ಬೈಯಲಿಲ್ಲ. “ಅವರ ಮೈಗೆ ಹೋಗೋ ಔಷಧಿ ಕಣಮ್ಮ. ಕದ್ದು ಕೊಡೋ ಹಕ್ಕು ನಿಮಗೂ ಇಲ್ಲ, ನನಗೂ ಇಲ್ಲ. ಯಾಕೆ ಬಿಟ್ರಿ ಅಂತ ಒಂದ್ಸಲ ಕೇಳಿದ್ರಾ?” ಎಂದರು.

ಕೇಳಿರಲಿಲ್ಲ. ಬಸ್ಸಿಳಿದವಳು ನೇರ ತೋಟಕ್ಕೆ ಹೋಗಿ, ಅವನ ಪಕ್ಕ ಕೂತು, ಮಾಡಿದ್ದನ್ನೆಲ್ಲ ಹೇಳಿದೆ. ನಾಚಿಕೆಯಿಂದ ಮುಖ ಎತ್ತಲಾಗಲಿಲ್ಲ.

“ಆ ಮಾತ್ರೆ ನುಂಗಿದ್ರೆ ಕೈ ನಡುಗುತ್ತೆ. ಕಾಯಿ ಸುಲಿಯಕ್ಕಾಗಲ್ಲ. ಅದಕ್ಕೇ ಬಿಟ್ಟಿದ್ದು,” ಎಂದ. ನನ್ನ ಕಡೆ ತಿರುಗಿ, “ನಾನು ನಿಜ ಹೇಳಿದಾಗ ನೀನು ನಕ್ಕೆ ಕಣೇ,” ಎಂದ.

ಮಾರನೆಯ ದಿನ ಇಬ್ಬರೂ ಕಡೂರಿಗೆ ಹೋದೆವು. ಮಾತಾಡಿದವನು ಅವನೇ; ನಾನು ಬಾಯಿ ಬಿಗಿಹಿಡಿದು ಕೂತಿದ್ದೆ, ನನಗದು ಸುಲಭವಲ್ಲ. ಡಾಕ್ಟರು ಮಾತ್ರೆ ಬದಲಿಸಿದರು.

ಈಗ ಮಾತ್ರೆಯ ಡಬ್ಬಿ ಅವನ ಬಳಿಯೇ ಇದೆ. ಊಟವಾದ ಮೇಲೆ ತಾನೇ ನುಂಗುತ್ತಾನೆ, ಕಾಯಿಯನ್ನೂ ಸುಲಿಯುತ್ತಾನೆ, ನನ್ನನ್ನು ರೇಗಿಸುತ್ತಾನೆ. ಆದರೆ ಮುದ್ದೆ ಇಟ್ಟ ಕೂಡಲೇ ಇವತ್ತಿಗೂ ಎರಡು ಹೋಳು ಮಾಡಿ ಒಳಗೆ ನೋಡುತ್ತಾನೆ. ಅವನು ನೋಡಿ ಮುಗಿಸುವವರೆಗೆ ಸಾರಿನ ಪಾತ್ರೆ ಹಿಡಿದು ನಿಂತಿರುತ್ತೇನೆ.