ಕರೆಮ್ಮನ ಸವಳು ಮಣ್ಣು

ಮಾನ್ವಿ ತಾಲ್ಲೂಕಿನ ಕಾಲುವೆ ಕೆಳಗಿನ ಹಳ್ಳಿಯೊಂದರಲ್ಲಿ ಕರೆಮ್ಮ ಎಂಬ ಹೆಂಗಸಿದ್ದಳು. ಮಾಳಿಗೆ ಮನೆಗಳ ಚಪ್ಪಟೆ ಸೂರಿನ ಮೇಲೆ ಮಣ್ಣು ಹೊದಿಸುವುದು ಅವಳ ಕಸುಬು. ಜೂನ್ ಮೊದಲಿಗೆ ಬರುವ ಮಿರಗದ ಮಳೆಗೆ ಮುಂಚೆ ಹಳೆಯ ಮಣ್ಣು ಕೆರೆದು ಹೊಸದಾಗಿ ಸವಳು ಮಣ್ಣು ಹರಡದಿದ್ದರೆ ಆ ಸೀಮೆಯ ಮಾಳಿಗೆಗಳು ಸೋರುತ್ತವೆ. ಸವಳೆಂದರೆ ಉಪ್ಪು ಉಕ್ಕಿ ಬೆಳ್ಳಗಾದ ನೆಲ, ಹುಲ್ಲೂ ಹುಟ್ಟದ ನೆಲ. ಊರವರು ಹಾಳು ಎಂದು ಬಿಟ್ಟದ್ದನ್ನೇ ಕರೆಮ್ಮ ಹುಡುಕಿಕೊಂಡು ಹೋಗುತ್ತಿದ್ದಳು. ಚಿಟಿಕೆ ಮಣ್ಣು ನಾಲಿಗೆಗೆ ಹಚ್ಚಿ, ಥೂ ಎಂದು ಉಗುಳಿ, ಇದು ಮಾಳಿಗೆಗೆ ಆದೀತು, ಇದು ಆಗದು ಎಂದುಬಿಡುತ್ತಿದ್ದಳು. ಮಸರಕಲ್ಲಿನಿಂದ ಬಂಡಿ ಕಟ್ಟಿಕೊಂಡು ಬಂದು ಕರೆದೊಯ್ದವರೂ ಉಂಟು. ಅಕ್ಷರ ಒಂದೂ ಬಾರದು. ಹಾಗಂತ ಯಾರ ಮುಂದೆಯೂ ತಲೆ ತಗ್ಗಿಸಿದವಳಲ್ಲ.

೧೯೭೭ರಲ್ಲಿ ಅವಳ ಮಗಳು ಕನಕಮ್ಮ ಊರ ಶಾಲೆಯಲ್ಲಿ ಆರನೇತ್ತ, ಅಂದರೆ ಆರನೇ ತರಗತಿ, ಮುಗಿಸುತ್ತಿದ್ದಳು. ಏಳನೇತ್ತ ಕೂರುವ ಕೋಣೆ ಎರಡು ಮಳೆಗಾಲ ಸೋರಿತ್ತು. ಈ ಸಲವೂ ಸೋರಿದರೆ ಆ ತರಗತಿಯನ್ನು ಮಾನ್ವಿಗೆ ಸೇರಿಸುತ್ತೇವೆ ಎಂದು ಶಾಲೆಗಳ ಇನ್ಸ್‌ಪೆಕ್ಟರ್ ಸಾಹೇಬರು ಹೇಳಿ ಹೋಗಿದ್ದರು. ಮೂರು ಹರದಾರಿ ದೂರಕ್ಕೆ ಹೆಣ್ಣುಮಕ್ಕಳನ್ನು ಯಾರು ಕಳಿಸುತ್ತಾರೆ? ಕನಕಮ್ಮನ ಓದು ಆ ಮಾಳಿಗೆಯನ್ನೇ ನಂಬಿಕೊಂಡಿತ್ತು.

ಹೆಡ್‌ಮಾಸ್ತರರು ಈ ಸಲ ಕೆರೆಯಂಗಳದ ಕಪ್ಪು ಎರೆ ಮಣ್ಣು ಹಾಕಿಸುವುದೆಂದು ನಿಶ್ಚಯಿಸಿದರು. ಎರೆಯ ಕಣ ಬಹಳ ಸಣ್ಣ, ಅದರಲ್ಲಿ ನೀರು ಇಳಿಯದು ಎಂದು ವಿಜ್ಞಾನದ ಪುಸ್ತಕದಲ್ಲೇ ಇತ್ತು. ಸುದ್ದಿ ಕೇಳಿದ ಕರೆಮ್ಮ ಪುಟ್ಟಿ ಇಳಿಸಿ ನೇರ ಶಾಲೆಗೆ ಬಂದಳು.

“ಸರ, ಎರಿ ಮಣ್ಣ ಹಾಕಬ್ಯಾಡ್ರಿ. ಬಿಸಲಿಗೆ ಬಾಯಿ ಬಿಡ್ತದ.”

“ನೀ ಎಷ್ಟನೇತ್ತ ಓದೀಯವ್ವಾ?” ಎಂದರು ಹೆಡ್‌ಮಾಸ್ತರರು.

“ನಾ ಓದಿಲ್ರಿ. ನೀವು ಎಷ್ಟ ಮಾಳಿಗಿ ಏರೀರಿ?”

ಮಕ್ಕಳು ಕಿಸಕ್ಕೆಂದರು. ಬೆತ್ತ ಮೇಜಿಗೆ ಬಿತ್ತು. ಆಗ ವಿಜ್ಞಾನದ ಟೀಚರು ಕುಬ್ರಾ ಬೇಗಂ ಎದ್ದು ನಿಂತರು. ರಾಯಚೂರಿನ ಕಿರಾಣಿ ವ್ಯಾಪಾರಿಯ ಮಗಳು, ಕೆಲಸಕ್ಕೆ ಸೇರಿ ವರ್ಷವೂ ಆಗಿರಲಿಲ್ಲ.

“ಜಗಳ ಯಾಕ್ರಿ ಸರ? ಹುಡುಗ್ರು ಮಾಡೇ ನೋಡ್ಲಿ.”

ತಂದೆಯ ಅಂಗಡಿಯಿಂದ ಮೂರು ಖಾಲಿ ಡಾಲ್ಡಾ ಡಬ್ಬಿ ತರಿಸಿದರು. ಮಕ್ಕಳು ತಳಕ್ಕೆ ಮೊಳೆಯಿಂದ ತೂತು ಹೊಡೆದು, ಅರಿವೆ ಹಾಸಿ, ಒಂದರಲ್ಲಿ ಕೆಂಪು ಮಸಾರಿ, ಒಂದರಲ್ಲಿ ಎರೆ, ಒಂದರಲ್ಲಿ ಸವಳು ಮಣ್ಣನ್ನು ನೀರಲ್ಲಿ ಕಲಸಿ ತುಂಬಿದರು. ಕರೆಮ್ಮ ಮೂರನ್ನೂ ನಾಲಿಗೆಗೆ ಹಚ್ಚಿ ನೋಡಲು ಹೇಳಿದಳು. ಅರ್ಧ ತರಗತಿ ಅಂಗಳಕ್ಕೆ ಓಡಿ ಉಗುಳಿ ಬಂತು. ಆಮೇಲೆ ಒಂದೊಂದು ಚೊಂಬು ನೀರು ಹೊಯ್ದರು. ಮಸಾರಿ ಸೋರಿತು. ಸವಳು ಸೋರಲಿಲ್ಲ. ಎರೆಯೂ ಸೋರಲಿಲ್ಲ.

“ನೋಡ್ದೇನವ್ವಾ? ಪುಸ್ತಕ ಸುಳ್ಳ ಹೇಳಂಗಿಲ್ಲ,” ಎಂದು ಹೆಡ್‌ಮಾಸ್ತರರು ನಕ್ಕರು.

“ಇವತ್ತ ಮಣ್ಣ ಹಾಕಿದ್ರ ಇವತ್ತ ಮಳಿ ಬರ್ತದೇನ್ರಿ? ಎಂಟ ದಿನ ಡಬ್ಬಿ ಬಿಸಲಾಗ ಇಡ್ರಿ. ಆಮ್ಯಾಲ ನೀರ ಹೊಯ್ರಿ.”

ಹೊರಗೆ ಬಂದಾಗ ಕುಬ್ರಾ ಬೇಗಂ ಮೆಲ್ಲಗೆ ಕೇಳಿದರು: “ಕರೆಮ್ಮಾ, ಸೋತ್ರ ನನ್ನ ಮುಖ ಎಲ್ಲಿ ಇಡ್ಲಿ?”

“ನಿಮ್ಮ ಮುಖ ಹೋದ್ರ ತಿರುಗಿ ಬರ್ತದ ಟೀಚರಮ್ಮ. ನನ್ನ ಮಗಳ ಸಾಲಿ ಹೋದ್ರ ಬರಂಗಿಲ್ಲ.”

ಏಪ್ರಿಲ್ ತಿಂಗಳ ರಾಯಚೂರು ಸೀಮೆಯ ಬಿಸಿಲಿಗೆ ಡಬ್ಬಿಗಳು ಮುಟ್ಟಿದರೆ ಸುಡುತ್ತಿದ್ದವು. ಮಕ್ಕಳು ದಿನಾ ಕಸಬರಿಗೆ ಕಡ್ಡಿ ತೂರಿಸಿ ಬಿರುಕು ಅಳೆದು ಬರೆದರು. ಎರೆಯಲ್ಲಿ ಎರಡನೇ ದಿನ ಕಡ್ಡಿ ಹೋಗಲಿಲ್ಲ. ನಾಲ್ಕನೇ ದಿನ ಉಗುರಿನಷ್ಟು ಹೋಯಿತು. ಎಂಟನೇ ದಿನ ಕನಕಮ್ಮನ ಕಿರುಬೆರಳೇ ಇಳಿಯಿತು, ಮಣ್ಣು ಡಬ್ಬಿಯ ಗೋಡೆ ಬಿಟ್ಟು ಈಚೆಗೆ ಸರಿದಿತ್ತು. ನೀರು ಹೊಯ್ದು ಮಕ್ಕಳು ಐದು ಎಣಿಸುವುದರೊಳಗೆ ಎರೆಯ ಡಬ್ಬಿಯ ಕೆಳಗೆ ನೀರಿನ ಹೊಂಡವಾಯಿತು. ಸವಳಿನ ಡಬ್ಬಿಗೆ ಇನ್ನೂರು ಎಣಿಸಿ ಗಂಟಲು ಒಣಗಿತು. ಅರಿವೆ ಒದ್ದೆಯಾಗಲಿಲ್ಲ.

ಹೆಡ್‌ಮಾಸ್ತರರು ಜಗ್ಗಲಿಲ್ಲ. “ಡಬ್ಬಿನ ಬ್ಯಾರೆ, ಮಾಳಿಗಿನ ಬ್ಯಾರೆ. ಎರಿ ಮಣ್ಣಿನ ಬಂಡಿ ಬಂದಾವ, ಸೋಮವಾರ ಹಾಕೋದ.”

ಕರೆಮ್ಮ ಸೋಮವಾರದ ತನಕ ಕಾಯಲಿಲ್ಲ. ಭಾನುವಾರ ಬೆಳಗಾಗುತ್ತಲೇ ಸವಳು ಮಣ್ಣು ಶಾಲೆಯ ಅಂಗಳದಲ್ಲಿತ್ತು. ಮಕ್ಕಳು ಸಾಲಾಗಿ ನಿಂತು ಕೈಯಿಂದ ಕೈಗೆ ಪುಟ್ಟಿ ದಾಟಿಸಿದರು. ಏಣಿಯ ಬುಡದಲ್ಲಿ ಕುಬ್ರಾ ಬೇಗಂ ಸೆರಗು ಸಿಕ್ಕಿಸಿ ನಿಂತಿದ್ದರು. ಹೆಡ್‌ಮಾಸ್ತರರು ಓಡುತ್ತಾ ಬಂದರು.

“ಯಾರ ಹುಕುಂ ಇದು?”

“ಕೆಳಗ ನಿಂತು ಕೇಳಿದ್ರ ಕೇಳಂಗಿಲ್ರಿ ಸರ,” ಎಂದಳು ಕರೆಮ್ಮ ಮಾಳಿಗೆಯ ಮೇಲಿನಿಂದ. “ಏಣಿ ಅದ, ಬರ್ರಿ.”

ಅವರು ಏರಲಿಲ್ಲ. ಕುಬ್ರಾ ಬೇಗಂಗೆ ಕಾರಣ ಕೇಳಿ ಮೆಮೊ ಬರೆದರು. ಮಕ್ಕಳು ಬರೆದಿಟ್ಟ ಎಂಟು ದಿನದ ಅಳತೆಯನ್ನೇ ನಕಲು ಮಾಡಿ ಆಕೆ ಉತ್ತರ ಕೊಟ್ಟರು, ಕ್ಷಮೆಯ ಮಾತು ಒಂದೂ ಸೇರಿಸಲಿಲ್ಲ. ಮುಂದೆ ದೇವದುರ್ಗಕ್ಕೆ ವರ್ಗವಾದರೂ ಡಬ್ಬಿಯ ಪಾಠ ಬಿಡಲಿಲ್ಲವಂತೆ. ಬಂಡಿಯಲ್ಲಿ ಬಂದ ಎರೆ ಮಣ್ಣನ್ನು ಹೆಡ್‌ಮಾಸ್ತರರು ಹಟಕ್ಕೆ ತಮ್ಮ ಕೋಣೆಯ ಮೇಲೆ ಹಾಕಿಸಿಕೊಂಡರು.

ಮಿರಗದ ಮಳೆ ಎರಡು ದಿನ ಬಿಡದೆ ಹೊಡೆಯಿತು. ಹೆಡ್‌ಮಾಸ್ತರರ ಕೋಣೆಯಲ್ಲಿ ಹಾಜರಿ ಪುಸ್ತಕಗಳು ನೆನೆದು ಮುದ್ದೆಯಾದವು. ಏಳನೇತ್ತದ ಕೋಣೆಯಲ್ಲಿ ನೆಲದ ಧೂಳು ಹಾಗೇ ಇತ್ತು.

ಜುಲೈನಲ್ಲಿ ಇನ್ಸ್‌ಪೆಕ್ಟರ್ ಸಾಹೇಬರು ಬಂದು ಏಳನೇತ್ತದ ಕೋಣೆಯ ಸೂರು ನೋಡಿದರು, ಗೋಡೆ ಮುಟ್ಟಿ ನೋಡಿದರು.

“ನಾವ ನಿಂತು ಮಾಡಿಸಿದ್ವಿ ಸಾಹೇಬ್ರ,” ಎಂದರು ಹೆಡ್‌ಮಾಸ್ತರರು.

ಸಾಹೇಬರು “ಆಯ್ತು, ಏಳನೇತ್ತ ಇಲ್ಲೇ ಇರ್ಲಿ” ಎಂದು ಎದ್ದಾಗ, ಕೆಲಸದಿಂದ ನೇರ ಬಂದು ಬಾಗಿಲಲ್ಲಿ ನಿಂತಿದ್ದ ಕರೆಮ್ಮ ದಾರಿ ಬಿಡಲಿಲ್ಲ.

“ಬಾಯಿ ಮಾತ ಬ್ಯಾಡ್ರಿ ಸಾಹೇಬ್ರ. ಬರದು ಹೋಗ್ರಿ.”

“ನನ್ನ ಮ್ಯಾಲ ನಂಬಿಕಿ ಇಲ್ಲೇನವ್ವಾ?”

“ನಿಮ್ಮ ಮ್ಯಾಲ ಅದ ರೀ. ನಿಮ್ಮ ಹಿಂದ ಬರೋರು ಯಾರೋ ನನಗೇನ ಗೊತ್ತು?”

ಸಾಹೇಬರು ಮತ್ತೆ ಕೂತು ಭೇಟಿ ಪುಸ್ತಕದಲ್ಲಿ ಎರಡು ಸಾಲು ಬರೆದು ಸಹಿ ಹಾಕಿದರು. ಕರೆಮ್ಮ ಆ ಪುಸ್ತಕವನ್ನು ಎತ್ತಿ, ಮಣ್ಣು ಮೆತ್ತಿದ ಕೈಯಿಂದಲೇ ತರಗತಿಯಲ್ಲಿ ಕೂತಿದ್ದ ಮಗಳಿಗೆ ಕೊಟ್ಟಳು.

“ಓದು.”

ಕನಕಮ್ಮ ಓದಿದಳು: “ಏಳನೇ ತರಗತಿಯನ್ನು ಇದೇ ಶಾಲೆಯಲ್ಲಿ ಮುಂದುವರಿಸತಕ್ಕದ್ದು.”

“ಇನ್ನೊಮ್ಮಿ ಓದು,” ಎಂದಳು ಕರೆಮ್ಮ. “ಹೆಡ್‌ಮಾಸ್ತರ್ರಿಗೂ ಕೇಳಂಗ.”