ಗುದ್ದಣ್ಣ ಕೈ ಎತ್ತದ ದಿನ

ಹೆತ್ತವರು ಇಟ್ಟ ಹೆಸರು ಬೇರೇನೋ ಇತ್ತು, ಆದರೆ ಆ ಬೀದಿಯಲ್ಲಿ ಅವನನ್ನು ಗುದ್ದಣ್ಣ ಎನ್ನದವರಿಲ್ಲ. ಕೋಪ ಮೂಗಿನ ತುದಿಯಲ್ಲಿ, ಕೈ ಸದಾ ಮಾತಿಗಿಂತ ಮುಂದೆ. ಕಾರಿನ ಬಾಗಿಲು ತೆಗೆಯಲು ಬಾರದಿದ್ದರೆ ಬಾಗಿಲಿಗೆ ಗುದ್ದುತ್ತಿದ್ದ, ಗಿರಾಕಿಯ ಬಾಯಿ ಮುಚ್ಚದಿದ್ದರೆ ಗಿರಾಕಿಗೆ. ಈ ವಿದ್ಯೆ ಕಲಿಸಿದವನು ಅಪ್ಪನೇ. ಈಗ ಗುದ್ದಣ್ಣ ನಡೆಸುವ ಇದೇ ಗ್ಯಾರೇಜಿನಲ್ಲಿ ಹಳೆಯ ಫ್ಯಾನ್ ಬೆಲ್ಟನ್ನು ಮಡಚಿ ಹಿಡಿದು ಅವನು ಮಗನಿಗೆ ಕೆಲಸ ಹೇಳಿಕೊಡುತ್ತಿದ್ದ. ಬೋಲ್ಟು ಕೈಜಾರಿ ನೆಲಕ್ಕೆ ಬಿತ್ತೋ, ಬೆಲ್ಟು ಬೆನ್ನಿಗೆ ಬೀಳುತ್ತಿತ್ತು. ಹಸಿಮಣ್ಣಿನ ಮೇಲೆ ಟೈರು ಹಾದ ಗುರುತಿನಂಥ ಬರೆಗಳು ಅವನ ಬೆನ್ನ ಮೇಲೆ ಇವತ್ತಿಗೂ ಇವೆ. ಆಗ ಓಡಿಬಂದು ಅಡ್ಡ ನಿಲ್ಲುತ್ತಿದ್ದವಳು ಒಬ್ಬಳೇ, ಮೊಣಕಾಲೆತ್ತರದ ತಂಗಿ.

ಆ ತಂಗಿಯ ಗಂಡ ಕಲ್ಲು ಒಡೆಯುವ ಯಂತ್ರ ನಡೆಸುವವನು. ಮನೆಗೆ ಬಂದರೆ ಹೆಂಡತಿಯೂ ಅವನಿಗೆ ಕಲ್ಲೇ. ಅದು ಗೊತ್ತಾದ ದಿನ ಗುದ್ದಣ್ಣ ಹೋಗಿ ಅವನ ಮುಂಗೈ ಮುರಿದು ಬಂದಿದ್ದ. ಬ್ಯಾಂಡೇಜು ಬಿಚ್ಚಿದ ಸಂಜೆಯೇ ಅದೇ ಕೈ ತಂಗಿಯ ಪಕ್ಕೆಲುಬು ಮುರಿಯಿತು.

“ನೀನು ಅವನಿಗೆ ಒಂದು ಕೊಟ್ರೆ ನನಗೆ ಮನೇಲಿ ಹತ್ತು ಬೀಳುತ್ತೆ ಅಣ್ಣ,” ಎಂದಿದ್ದಳು ಆಸ್ಪತ್ರೆಯ ಹಾಸಿಗೆಯಲ್ಲಿ. “ಇನ್ನು ಅವನ ಮೇಲೆ ಕೈ ಎತ್ತಲ್ಲ ಅಂತ ಮಾತು ಕೊಡು.”

ಕೊಟ್ಟಿದ್ದ, ಹಲ್ಲು ಕಚ್ಚಿಕೊಂಡು.

ಅಂಥ ತಂಗಿ ಒಂದು ಮಧ್ಯಾಹ್ನ ಗ್ಯಾರೇಜಿಗೆ ಕಾರು ನುಗ್ಗಿಸಿದಳು. ಬೀದಿಯ ಆ ತುದಿಯಿಂದಲೇ ಎಂಜಿನ್ನಿನ ಬೆಲ್ಟು ಕಿರುಚುತ್ತಿತ್ತು. ಅವಳ ತುಟಿ ಸೀಳಿತ್ತು, ಒಂದು ಕಣ್ಣು ಊದಿ ಮುಚ್ಚಿಹೋಗಿತ್ತು. ಹಿಂದಿನ ಸೀಟಿನಲ್ಲಿ, ಬಟ್ಟೆಗಂಟು ತಬ್ಬಿಕೊಂಡು ಅವಳ ಅತ್ತೆ. ಮುದುಕಿಯ ಕೆನ್ನೆಯ ಮೇಲೂ ಐದು ಬೆರಳು ಮೂಡಿದ್ದವು.

“ನೀವೂನಾ ಅತ್ತೆ?”

“ಯಾಕಪ್ಪ, ನನಗೇನು ಕೆನ್ನೆ ಇಲ್ವಾ? ಹೆತ್ತಿದ್ದೂ ನಾನೇ, ಹೊಡೆಸ್ಕೊಳ್ಳೋದೂ ನಾನೇ ಅಂದ್ರೆ ಹೇಗೆ? ಮೊದಲು ಮುಚ್ಚಳ ಎತ್ತು. ನನ್ನ ಮುದ್ದಿನ ಮಗ ಹಿಂದೇನೇ ಬರ್ತಿರ್ತಾನೆ.”

ಇವರು ಬಿಟ್ಟು ಹೋಗುವ ಸುಳಿವು ಸಿಕ್ಕಿ ಅವನು ಬೆಳಗ್ಗೆ ಬಾನೆಟ್ ಎತ್ತಿ ಎಂಜಿನ್ನಿಗೇ ಕಬ್ಬಿಣದ ರಾಡು ಬೀಸಿದ್ದ. ಏಟು ಬಿದ್ದದ್ದು ಆಲ್ಟರ್ನೇಟರಿನ ಬ್ರಾಕೆಟ್ಟಿಗೆ. ಬ್ಯಾಟರಿಗೆ ಕರೆಂಟು ತುಂಬುವ ಆ ಉರುಟು ಯಂತ್ರವನ್ನು ಎಂಜಿನ್ನಿಗೆ ಕಚ್ಚಿಸಿ ಹಿಡಿಯುವ ಎರಕದ ತೋಳು ಅದು. ತೋಳು ಬಿರಿದಿತ್ತು, ಯಂತ್ರ ಜೋತುಬಿದ್ದಿತ್ತು, ಬೆಲ್ಟು ಸಡಿಲವಾಗಿ ಜಾರುತ್ತಿತ್ತು.

“ಬೆಟ್ಟ ದಾಟಿ ಚಿಕ್ಕಮ್ಮನ ಮನೆ ಸೇರ್ಬೇಕು ಅಣ್ಣ. ಆಗುತ್ತಾ?”

“ಹೀಗೇ ಹೋದ್ರೆ ಅರ್ಧ ದಾರೀಲಿ ಬ್ಯಾಟರಿ ಸಾಯುತ್ತೆ. ಅಲ್ಲಿ ಅವನ ಕೈಗೆ ಸಿಗ್ತೀರಿ.”

ಹಿತ್ತಲಿನಲ್ಲಿ ಅದೇ ಜಾತಿಯ ಎರಡು ಸತ್ತ ಕಾರುಗಳಿದ್ದವು. ಒಂದರ ಬ್ರಾಕೆಟ್ ಬಿಚ್ಚಿ, ಸ್ಪ್ಯಾನರಿನಿಂದ ತಟ್ಟಿ ಕಿವಿಗಿಟ್ಟ. ಗಂಟೆಯಂತೆ ಕಂಯ್ ಎಂದಿತು, ಬಿರುಕಿಲ್ಲ. ಇಂಥದನ್ನು ಕೂರಿಸಲು ಒಂದು ಕ್ರಮವಿದೆ. ಎಲ್ಲ ಬೋಲ್ಟುಗಳನ್ನೂ ಮೊದಲು ಬೆರಳಲ್ಲೇ ಹಿಡಿಸಬೇಕು, ಆಮೇಲೆ ಅದಕ್ಕಿಷ್ಟು ಇದಕ್ಕಿಷ್ಟು ಎಂದು ಸರದಿಯಲ್ಲಿ ಬಿಗಿಯಬೇಕು. ಗುದ್ದಣ್ಣನಿಗೆ ಇದು ನಿದ್ದೆಯಲ್ಲೂ ಗೊತ್ತು. ಆದರೆ ಅವನ ನೋಟ ತಂಗಿಯ ಊದಿದ ಕಣ್ಣಿನ ಮೇಲಿತ್ತು. ಕೈಯಲ್ಲಿದ್ದದ್ದು ಬೋಲ್ಟಲ್ಲ, ಅವಳ ಗಂಡನ ಕುತ್ತಿಗೆ. ತಿರುವಿದ, ಮತ್ತೂ ತಿರುವಿದ. ಟಪ್ ಎಂದು ಬ್ರಾಕೆಟ್ಟಿನಲ್ಲಿ ಬೋಲ್ಟು ಕೂರುವ ಕಿವಿ ಕಿತ್ತುಬಂತು.

“ಏನಾಯ್ತು?” ಎಂದಳು ಅತ್ತೆ.

“ಕಿವಿ ಹೋಯ್ತು.”

“ಥೂ, ನನ್ನ ಮಗನದ್ದಾದ್ರೂ ಹೋಗಬಾರದಿತ್ತಾ!”

ಅವನು ಅದನ್ನು ನೆಲಕ್ಕೆ ಬಿಸುಟ. ಉಳಿದದ್ದು ಇನ್ನೊಂದೇ. ಅದನ್ನು ಬಿಚ್ಚಿ ತಂದಾಗ ತಂಗಿ ಅವನ ಗದ್ದ ಹಿಡಿದು ತನ್ನತ್ತ ತಿರುಗಿಸಿದಳು. “ಅವನನ್ನ ಮರೆತು ಬಿಗಿ. ನಾನಿರೋದು ಅವನ ಕೈಯಲ್ಲಲ್ಲ, ನಿನ್ನ ಕೈಯಲ್ಲಿ,” ಎಂದು ಹೋಗಿ ಸ್ಟೇರಿಂಗ್ ಹಿಡಿದು ಕುಳಿತಳು.

ಬೋಲ್ಟುಗಳು ಬೆರಳಲ್ಲಿ ಹಿಡಿದದ್ದಷ್ಟೇ, ಬೀದಿಯಲ್ಲಿ ಬೈಕು ನಿಂತಿತು.

“ಏನು ಭಾವ, ನನ್ನ ಕಾರು ರಿಪೇರಿನಾ? ತಗೋ ಕೂಲಿ!”

ರಾಡು ಬೆನ್ನಿಗೆ ಅಪ್ಪಳಿಸಿತು. ಗುದ್ದಣ್ಣನ ಎಡಗೈ ಆಲ್ಟರ್ನೇಟರಿನ ಭಾರ ಎತ್ತಿ ಹಿಡಿದಿತ್ತು, ಬಲಗೈಯಲ್ಲಿ ಸ್ಪ್ಯಾನರು. ತಿರುಗಿದರೆ ಭಾರವೆಲ್ಲ ಒಂದೇ ಬೋಲ್ಟಿನ ಮೇಲೆ ಕುಸಿದು ಈ ಕಿವಿಯೂ ಹೋಗುತ್ತದೆ, ಮೂರನೆಯ ಬ್ರಾಕೆಟ್ ಇಲ್ಲ. ತಿರುಗಲಿಲ್ಲ. ಮೇಲಿನದಕ್ಕೆ ಒಂದು ಸುತ್ತು ಕೊಟ್ಟ. ಏಟು ಭುಜಕ್ಕೆ ಬಿತ್ತು. ಕೆಳಗಿನದಕ್ಕೆ ಒಂದು ಸುತ್ತು. ಪಕ್ಕೆಗೆ ಬಿದ್ದ ಏಟಿಗೆ ಒಳಗೇನೋ ಲಟಕ್ ಎಂದಿತು.

“ಅಣ್ಣಾ!” ತಂಗಿ ಬಾಗಿಲು ತೆರೆದಳು.

“ಸ್ಟೇರಿಂಗ್ ಬಿಟ್ಟು ಇಳಿದ್ರೆ ನೋಡು!” ಎಂದು ಗುಡುಗಿದ. ಬಾಯಿಂದ ರಕ್ತ ಬಿಸಿ ಎಂಜಿನ್ನಿನ ಮೇಲೆ ತೊಟ್ಟಿಕ್ಕಿ ಚುಂಯ್ ಎಂದು ಸುಟ್ಟ ವಾಸನೆ ಎದ್ದಿತು. ಕೈ ಮಾತ್ರ ಸರದಿ ತಪ್ಪಲಿಲ್ಲ, ಅದಕ್ಕಿಷ್ಟು, ಇದಕ್ಕಿಷ್ಟು.

ರಾಡು ಈಗ ತಲೆಗೆ ಗುರಿಯಿಟ್ಟು ಮೇಲೆದ್ದಿತು. ಇಳಿಯಲಿಲ್ಲ. ಅತ್ತೆ ಯಾವಾಗಲೋ ಇಳಿದು, ನೆಲದ ಮೇಲಿದ್ದ ಮುರಿದ ಬ್ರಾಕೆಟ್ ಎತ್ತಿಕೊಂಡಿದ್ದಳು. ಎರಡೂ ಕೈಯಲ್ಲಿ ಹಿಡಿದು ಮಗನ ಮಂಡಿಚಿಪ್ಪಿಗೆ ಬೀಸಿದಳು. ಅವನು ಕೂಗುತ್ತಾ ಕುಸಿದ.

“ಇದು ನನ್ನ ಕೆನ್ನೆಗೆ!” ಮತ್ತೆ ಅದೇ ಮಂಡಿಗೆ ಬೀಸಿದಳು. “ಇದು ಅವಳ ಪಕ್ಕೆಗೆ! ಎದ್ದೇಳು ನೋಡೋಣ, ನನ್ನ ಬಂಗಾರ!” ಹೊಡೆಯುತ್ತಾ ಅಳುತ್ತಿದ್ದಳು, ಅಳುತ್ತಲೇ ಹೊಡೆಯುತ್ತಿದ್ದಳು.

ಗುದ್ದಣ್ಣ ಬೆಲ್ಟನ್ನು ಎಳೆದು ಕೊನೆಯ ಬೋಲ್ಟು ಬಿಗಿದ. “ಅತ್ತೆ, ಸಾಕು, ಹತ್ತಿ! ಶುರು ಮಾಡು ಪುಟ್ಟಿ. ಬ್ಯಾಟರಿಯ ಕೆಂಪು ದೀಪ ಆರ್ತಾ?”

“ಆರ್ತು ಅಣ್ಣ! ಆರ್ತು!”

“ಮತ್ತೇನು ನೋಡ್ತಿದ್ದೀಯಾ, ಹೋಗು!”

ಮೊಣಕೈಯಿಂದ ಬಾನೆಟ್ ಬಡಿದು ಮುಚ್ಚಿದ. ಅತ್ತೆ ಹತ್ತಿದ್ದೇ ಕಾರು ಹೊರಟಿತು. ನೆಲದ ಮೇಲೆ ತೆವಳುತ್ತಾ ತಂಗಿಯ ಗಂಡ ರಾಡಿಗೆ ಕೈಚಾಚಿದ. ಗುದ್ದಣ್ಣ ಮೊದಲು ಅದರ ಮೇಲೆ ಕಾಲಿಟ್ಟ, ಕಾಲು ನಿಲ್ಲದಾದಾಗ ಅದರ ಮೇಲೆಯೇ ಕುಳಿತ. ಅವನ ಮುಷ್ಟಿ ತಾನಾಗಿ ಬಿಗಿಯಿತು. ಎದುರಿಗೇ, ಕೈಗೆಟುಕುವಷ್ಟು ಹತ್ತಿರ, ಆ ಮುಖವಿತ್ತು.

“ಹೊಡಿ ಭಾವ! ಧೈರ್ಯ ಇಲ್ವಾ?”

ಗುದ್ದಣ್ಣ ತಲೆ ವಾಲಿಸಿ, ಬ್ರಾಕೆಟ್ಟನ್ನು ತಟ್ಟಿ ಕೇಳುವಾಗಿನಂತೆ, ಬೀದಿಯ ತುದಿಗೆ ಕಿವಿಗೊಟ್ಟಿದ್ದ. ಕಾರು ತಿರುವು ದಾಟಿತು, ಬೆಟ್ಟದ ಏರಿಗೆ ಗೇರು ಬದಲಾಯಿಸಿತು.

“ಸುಮ್ನಿರು,” ಎಂದ, ರಕ್ತ ಉಗುಳಿ. “ಬೆಲ್ಟ್ ಕಿರುಚುತ್ತಾ ಇಲ್ವಾ ಕೇಳಿಸ್ಕೊಳ್ತಿದ್ದೀನಿ.”

ಕಿರುಚಲಿಲ್ಲ.